ತೆರಿಗೆ ನೀರಿಗೋ, ನಶೆಗೋ?

ಸರ್ಕಾರಿ ಸೇವೆಯಿಂದ ನಿವೃತ್ತನಾದವನು ಬಿಯರ್ ಕುರಿತು ಲೇಖನ ಬರೆಯಲು ಕುಳಿತರೆ ಓದುಗರು ಹುಬ್ಬೇರಿಸುವುದು ಸಹಜ. ನಾನಿರುವ ಊರು ಬೆಳಗಾವಿಯಾದ್ದರಿಂದ ನನ್ನ ಸಂಕೋಚವೂ ತುಸು ಹೆಚ್ಚೇ. ಗಾಂಧೀಜಿಯವರು ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ್ದು ಜೀವಿತದಲ್ಲಿ ಒಮ್ಮೆ ಮಾತ್ರ. ಅದು 1924ರ ಡಿಸೆಂಬರಿನಲ್ಲಿ, ಇದೇ ಊರಿನಲ್ಲಿ. ಪಾನನಿರೋಧವನ್ನು ತಮ್ಮ ರಚನಾತ್ಮಕ ಕಾರ್ಯಕ್ರಮದ ಅಂಗವಾಗಿಸಿಕೊಂಡಿದ್ದ ಆ ಮಹಾತ್ಮರ ನೆನಪಿಗಾಗಿ ಟಿಳಕವಾಡಿಯಲ್ಲಿ ವೀರಸೌಧವಿದೆ. ನೆಹರು ನಗರದ ನಮ್ಮ ಮನೆಯಿಂದ ಹೊರಟು ಅದರ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಒಂದು ಪ್ರಶ್ನೆ ಕಾಡುತ್ತದೆ. ಕುಡಿತವನ್ನು ಸಂಪೂರ್ಣವಾಗಿ ನಿಲ್ಲಿಸಲೂ ಆಗದ, ಅದರಿಂದ ಬರುವ ಹಣವನ್ನು ಬಿಡಲೂ ಆಗದ ಸರ್ಕಾರ, ಕನಿಷ್ಠಪಕ್ಷ ಕುಡಿಯುವವನನ್ನು ಹೆಚ್ಚು ಅಪಾಯದ ಕಡೆಗೆ ತಳ್ಳದೆಯಾದರೂ ಇರಬಾರದೇ?

ಈ ಪ್ರಶ್ನೆ ನನಗೆ ಹೊಳೆದದ್ದು ಯಾವುದೇ ಕಡತದಿಂದಲ್ಲ, ಒಂದು ಗ್ಲಾಸಿನಿಂದ. ಬೆಂಗಳೂರಿನಲ್ಲಿರುವ ಮಗಳ ಮನೆಗೆ ಹೋದಾಗ ಅಳಿಯ ನನ್ನನ್ನು ಇಂದಿರಾನಗರದ ಒಂದು ಮೈಕ್ರೊಬ್ರೂವರಿಗೆ ಕರೆದೊಯ್ದ. ಬಿಯರನ್ನು ಅಲ್ಲಿಯೇ ತಯಾರಿಸಿ ಅಲ್ಲಿಯೇ ಬಡಿಸುವ ಇಂಥ ಪಾನಗೃಹಗಳು ಬೆಂಗಳೂರಿಗೆ ಬಂದದ್ದು 2011ರ ಸುಮಾರಿಗೆ. ಈಗ ಅವು ಆ ನಗರದ ಗುರುತೇ ಆಗಿವೆ. ಗಾಜಿನ ಗೋಡೆಯ ಆಚೆ ಹೊಳೆಯುವ ಉಕ್ಕಿನ ತೊಟ್ಟಿಗಳು, ಈಚೆ ಗದ್ದಲ. ನಾನು ಕುಡಿತದ ವಿಷಯದಲ್ಲಿ ವ್ರತಧಾರಿಯೇನಲ್ಲ. ಆದರೆ ಬಿಯರ್ ಎಂದರೆ ನನಗೆ ಗೊತ್ತಿದ್ದದ್ದು ಡಾಬಾಗಳಲ್ಲಿ ಸಿಗುವ ‘ಸ್ಟ್ರಾಂಗ್’ ಬಾಟಲಿ; ಅದರ ಸಿಹಿಮಿಶ್ರಿತ ಘಾಟು ನನಗೆಂದೂ ಹಿಡಿಸಿರಲಿಲ್ಲ. ಬೇಡವೆಂದೆ. ಅಳಿಯ ಬಿಡಲಿಲ್ಲ. ‘ಮಾವಾರ, ಇದು ಭಾಳ ಸೌಮ್ಯ ಐತ್ರಿ. ನಾಲ್ಕು ಪರ್ಸೆಂಟೂ ಇಲ್ಲ. ಒಂದ ಗುಟುಕು ನೋಡ್ರಿ, ಸೇರದಿದ್ರ ಬಿಡ್ರಿ’ ಎಂದು ಬಂಗಾರದ ಬಣ್ಣದ, ತುಸು ಮಬ್ಬಾದ ಒಂದು ಗ್ಲಾಸನ್ನು ಮುಂದಿಟ್ಟ. ಮಗಳು ಮೊಬೈಲ್ ನೋಡುತ್ತಿರುವಂತೆ ನಟಿಸುತ್ತ ನನ್ನ ಮುಖವನ್ನೇ ನೋಡುತ್ತಿದ್ದಳು.

ಗ್ಲಾಸು ತುಟಿಗೆ ತಾಗುವ ಮೊದಲೇ ಪರಿಮಳ ಬಂತು. ಕಿತ್ತಳೆ ಸಿಪ್ಪೆಯನ್ನು ಉಗುರಿನಿಂದ ಗೀರಿದಾಗ ಬರುವ ವಾಸನೆ. ಅದರ ಹಿಂದೆಯೇ, ಮಳೆಗಾಲದ ಆರಂಭದಲ್ಲಿ ಜಾಂಬೋಟಿಯ ಕಡೆ ಹೋದರೆ ಬರುವಂಥ ಹಸಿ ಎಲೆಯ ವಾಸನೆ. ಬಾಯಿಗೆ ಬಂದಾಗ ನೀರಿನಷ್ಟೇ ಹಗುರ. ನುಂಗಿದ ಮೇಲೆ ಕಹಿ. ಹಾಗಲಕಾಯಿಯಂತೆ ಹಿಡಿದುಕೊಳ್ಳುವ ಕಹಿಯಲ್ಲ. ಮೆಂತ್ಯೆ ಸೊಪ್ಪಿನ ಪಲ್ಯದಲ್ಲಿ ಇರುವಂತೆ, ಇನ್ನೊಂದು ತುತ್ತು ಬೇಕೆನ್ನಿಸುವ ಕಹಿ. ಅದು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತು ನಾವು ಮೂವರೂ ಮಾತನಾಡಿದೆವು. ಮಗಳ ಕೆಲಸದ ಬಗ್ಗೆ, ಅವಳ ಅತ್ತೆಯ ಮಂಡಿನೋವಿನ ಬಗ್ಗೆ, ಮನೆ ಕಟ್ಟುವ ಸಾಲದ ಬಗ್ಗೆ. ಎದ್ದಾಗ ತಲೆ ಭಾರವಿರಲಿಲ್ಲ. ಇಷ್ಟು ಕಡಿಮೆ ಮದ್ಯಸಾರವಿರುವ ಪಾನೀಯದಲ್ಲಿ ಇಷ್ಟೊಂದು ರುಚಿ ಇರಬಹುದೆಂಬ ಕಲ್ಪನೆಯೇ ನನಗಿರಲಿಲ್ಲ. ಅರವತ್ತು ದಾಟಿದ ಮೇಲೆ ಹೊಸ ರುಚಿಯೊಂದು ಸಿಕ್ಕಿದ್ದು ಸಂತೋಷವೇ. ಮನೆಯವರು ಈ ಸಂತೋಷವನ್ನು ಹಂಚಿಕೊಳ್ಳಲಿಲ್ಲ ಎಂಬುದನ್ನೂ ದಾಖಲಿಸಬೇಕು.

ಕುತೂಹಲದಿಂದ ಅಲ್ಲಿನ ಬ್ರೂವರ್ ಯುವಕನನ್ನು ಮಾತನಾಡಿಸಿದೆ. ಹಗುರವಾದ ಬಿಯರ್ ಮಾಡುವುದು ಗಟ್ಟಿ ಬಿಯರಿಗಿಂತ ಕಷ್ಟವೆಂದ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. ಅದನ್ನು ಬಿಸಿನೀರಿನಲ್ಲಿ ನೆನೆಸಿದಾಗ ಪಿಷ್ಟವು ಸಕ್ಕರೆಯಾಗುತ್ತದೆ. ಆ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರವಾಗಿಸುತ್ತದೆ. ಮಾಲ್ಟ್ ಕಡಿಮೆ ಹಾಕಿದರೆ ಮದ್ಯಸಾರ ಕಡಿಮೆಯಾಗುವುದೇನೋ ನಿಜ, ಆದರೆ ಬಿಯರ್ ನೀರುನೀರಾಗುತ್ತದೆ, ತಯಾರಿಕೆಯ ಸಣ್ಣ ತಪ್ಪೂ ನಾಲಗೆಗೆ ಸಿಕ್ಕಿಬಿಡುತ್ತದೆ. ಅದಕ್ಕಾಗಿ ನೆನೆಸುವ ನೀರಿನ ಉಷ್ಣತೆಯನ್ನು 68–69 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸುತ್ತಾರೆ. ಆಗ ಯೀಸ್ಟ್ ತಿನ್ನಲಾರದ ಸಕ್ಕರೆಗಳು ಉಳಿದು ಬಾಯಿಗೆ ಮೈತುಂಬಿದ ಅನುಭವ ಕೊಡುತ್ತವೆ. ಇನ್ನು ಪರಿಮಳ ಬರುವುದು ಹಾಪ್ಸ್ ಎಂಬ ಬಳ್ಳಿಯ ಹೂಗೊಂಚಲಿನಿಂದ. ಕುದಿಯುವಾಗ ಮೊದಲೇ ಹಾಕಿದರೆ ಕಹಿ, ಕೊನೆಗೆ ಹಾಕಿದರೆ ಸುವಾಸನೆ, ಹುದುಗು ಮುಗಿಯುತ್ತ ಬಂದಾಗ ತಣ್ಣನೆಯ ಬಿಯರಿಗೇ ಹಾಕಿದರೆ ಆ ಕಿತ್ತಳೆ ಸಿಪ್ಪೆಯ ಘಮ. ಒಗ್ಗರಣೆಯನ್ನು ಕೊನೆಯಲ್ಲಿ ಕೊಡುವ ನಮ್ಮ ಅಡುಗೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಸ್ಯಶಾಸ್ತ್ರಜ್ಞರು ಹಾಪ್ಸನ್ನು ಗಾಂಜಾ ಗಿಡದ ಕುಟುಂಬಕ್ಕೇ ಸೇರಿಸುತ್ತಾರೆ ಎಂಬುದನ್ನು ನಾನು ಮನೆಯಲ್ಲಿ ಹೇಳಿಲ್ಲ. ಹಿಮಾಚಲದ ಲಾಹೌಲಿನಲ್ಲಿ ಕೊಂಚ ಬೆಳೆಯುತ್ತಾರಾದರೂ ಇಂಥ ಬಿಯರಿಗೆ ಬೇಕಾದ ಪರಿಮಳದ ತಳಿಗಳು ಮುಖ್ಯವಾಗಿ ಅಮೆರಿಕದಿಂದ ಬರಬೇಕು. ಆದ್ದರಿಂದ ಅದು ದುಬಾರಿ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ತೆರಿಗೆಯ ಚರ್ಚೆಯಲ್ಲಿ ಅದು ಮತ್ತೆ ಬರುತ್ತದೆ.

ಹಾಪ್ಸಿಗೂ ಭಾರತಕ್ಕೂ ಹಳೆಯ ನಂಟಿದೆ. ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ಲಂಡನ್ನಿನ ಬೋ ಎಂಬಲ್ಲಿದ್ದ ಹಾಡ್ಜಸನ್ ಎಂಬಾತನ ಬ್ರೂವರಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಿಗೆ ಬಿಯರ್ ಒದಗಿಸುತ್ತಿತ್ತು. ತಿಂಗಳುಗಟ್ಟಲೆಯ ಸಮುದ್ರಯಾನದಲ್ಲಿ ಕೆಡದಿರಲೆಂದು ಅದಕ್ಕೆ ಧಾರಾಳವಾಗಿ ಹಾಪ್ಸ್ ಹಾಕುತ್ತಿದ್ದರು. 1820ರ ದಶಕದಲ್ಲಿ ಬರ್ಟನ್ ಪಟ್ಟಣದ ಬ್ರೂವರಿಗಳು ಈ ವ್ಯಾಪಾರಕ್ಕೆ ಇಳಿದವು. ‘ಇಂಡಿಯಾ ಪೇಲ್ ಏಲ್’ ಎಂಬ ಹೆಸರು ಬಂದದ್ದು ಹೀಗೆ. 1818ರಲ್ಲಿ ಥಾಮಸ್ ಮನ್ರೊ ಬೆಳಗಾವಿ ಕೋಟೆಯನ್ನು ಹಿಡಿದ ಮೇಲೆ ನಮ್ಮಲ್ಲಿಯೂ ಬ್ರಿಟಿಷರ ದಂಡು ಬೀಡುಬಿಟ್ಟಿತು. ‘ಕ್ಯಾಂಪ್’ ಎಂಬ ಹೆಸರು ಇಂದಿಗೂ ಉಳಿದಿದೆ. ಮುಂದೆ 1850ರ ದಶಕದಲ್ಲಿ ಕಸೌಲಿಯಲ್ಲಿ ಎಡ್ವರ್ಡ್ ಡೈಯರ್ ಬ್ರೂವರಿ ತೆರೆದ. ಜಲಿಯನ್‌ವಾಲಾ ಬಾಗಿನ ಡೈಯರ್ ಈತನ ಮಗ. ದಕ್ಷಿಣದಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವ ಹಲವು ಸಣ್ಣ ಬ್ರೂವರಿಗಳನ್ನು ಒಗ್ಗೂಡಿಸಿ 1915ರಲ್ಲಿ ಯುನೈಟೆಡ್ ಬ್ರೂವರೀಸ್ ಸ್ಥಾಪಿಸಿದ. ಇಷ್ಟೆಲ್ಲ ಚರಿತ್ರೆ ಇರುವ ದೇಶದಲ್ಲಿ ಇಂದು ಮಾರಾಟವಾಗುವ ಬಿಯರಿನಲ್ಲಿ ಬಹುಪಾಲು ‘ಸ್ಟ್ರಾಂಗ್’, ಅಂದರೆ ಶೇಕಡ 5ಕ್ಕಿಂತ ಹೆಚ್ಚಿನ, ಸಾಮಾನ್ಯವಾಗಿ 7–8ರಷ್ಟು ಮದ್ಯಸಾರವುಳ್ಳದ್ದು. ಭಾರತೀಯರ ನಾಲಗೆಯೇ ಹಾಗೆ ಎಂದು ಉದ್ಯಮದವರು ಹೇಳುವುದುಂಟು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದು ನಾಲಗೆಯ ಗುಣವೆನ್ನಿಸುವುದಿಲ್ಲ, ಜೇಬಿನ ಗುಣವೆನ್ನಿಸುತ್ತದೆ.

ಹಾಗೆನ್ನಿಸಲು ಕಾರಣನಾದವನು ಖಾನಾಪುರದಲ್ಲಿ ನಾನು ತಹಶೀಲ್ದಾರನಾಗಿದ್ದಾಗ ನನ್ನ ಜೀಪಿನ ಚಾಲಕ. ತೊಂಬತ್ತರ ದಶಕದ ಮಾತು. ಆಷಾಢದ ಮಳೆಯಲ್ಲಿ ಕಣಕುಂಬಿಯ ದಾರಿ ನೋಡಿದವರಿಗೆ ಗೊತ್ತು, ಅಲ್ಲಿ ಎದುರಿನ ಹತ್ತು ಅಡಿಯೂ ಕಾಣುವುದಿಲ್ಲ. ಅಂಥ ದಾರಿಯಲ್ಲಿ ಆತ ನನ್ನನ್ನು ಎಷ್ಟೋ ರಾತ್ರಿ ಸುರಕ್ಷಿತವಾಗಿ ತಂದು ಮುಟ್ಟಿಸಿದ್ದಾನೆ. ಕೆಲಸದ ವೇಳೆ ಎಂದೂ ಕುಡಿದವನಲ್ಲ. ಆದರೆ ಸಂಜೆ ಜೀಪು ನಿಲ್ಲಿಸಿ ಕೀಲಿ ಕೊಟ್ಟ ಮರುಗಳಿಗೆ ಸಾರಾಯಿ ಪಾಕೀಟು. ಒಮ್ಮೆ ಅವನ ಹೆಂಡತಿ ಕ್ವಾರ್ಟರ್ಸಿಗೆ ಬಂದು ಅತ್ತ ಮೇಲೆ ಆತನನ್ನು ಕರೆದು ಬೈದೆ. ಕುಡಿಯಲೇಬೇಕಿದ್ದರೆ ವಾರಕ್ಕೊಮ್ಮೆ ಒಂದು ಬಿಯರ್ ಕುಡಿ, ಈ ವಿಷವೇಕೆ ಎಂದೆ. ಅವನು ತಲೆ ತಗ್ಗಿಸಿಕೊಂಡೇ ಉತ್ತರ ಕೊಟ್ಟ: ‘ಸಾಹೇಬ್ರ, ನಿಮ್ಮ ಬಿಯರ್ ಏರೂದಿಲ್ರಿ. ಅಷ್ಟ ರೊಕ್ಕದಾಗ ಯಾವುದು ಏರತೈತೋ ಅದನ್ನ ತಗೋತೀವ್ರಿ.’ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿದ ಬೇಡಿಕೆಯ ಸಿದ್ಧಾಂತವನ್ನು ಆತ ಒಂದು ವಾಕ್ಯದಲ್ಲಿ ಹೇಳಿಬಿಟ್ಟಿದ್ದ. ಅವನು ಕೊಳ್ಳುತ್ತಿದ್ದುದು ಪಾನೀಯವನ್ನಲ್ಲ, ಒಂದು ರೂಪಾಯಿಗೆ ಎಷ್ಟು ನಶೆ ಎಂಬ ಲೆಕ್ಕವನ್ನು.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ಅದನ್ನು ಸ್ವಾಗತಿಸಿದವರಲ್ಲಿ ನಾನೂ ಒಬ್ಬ. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಪ್ರತಿವರ್ಷ ನಡೆಯುತ್ತಿದ್ದ ಸಾರಾಯಿ ಹರಾಜಿನ ಗಲಾಟೆಯನ್ನು ಕಂಡವರು ಯಾರೂ ಅದಕ್ಕಾಗಿ ಮರುಗಲಾರರು. ಆದರೆ ನನ್ನ ಚಾಲಕ ಕುಡಿತ ಬಿಡಲಿಲ್ಲ. ಅಗ್ಗದ ವಿಸ್ಕಿಯ ಕ್ವಾರ್ಟರಿಗೆ ಹೋದ. ನಾನು ಆಗ ಬೇರೆ ಜಿಲ್ಲೆಯಲ್ಲಿದ್ದೆ. ಹೊಟ್ಟೆಯಲ್ಲಿ ನೀರು ತುಂಬಿಕೊಂಡು ತೀರಿಕೊಂಡನೆಂಬ ಸುದ್ದಿ ತಿಂಗಳ ಮೇಲೆ ತಿಳಿಯಿತು. ನಿವೃತ್ತಿಗೆ ಇನ್ನೂ ಏಳು ವರ್ಷವಿತ್ತು. ಮಗನಿಗೆ ಅನುಕಂಪದ ಆಧಾರದ ಮೇಲೆ ನೌಕರಿ ದೊರಕಿಸಲು ಒಂದೆರಡು ಪತ್ರ ಬರೆದದ್ದಷ್ಟೇ ನನ್ನ ಪಾಲಿನ ಸೇವೆ. ಇಂದಿರಾನಗರದ ಆ ಗ್ಲಾಸನ್ನು ಕೆಳಗಿಟ್ಟಾಗ ನೆನಪಾದದ್ದು ಅವನು. ಏರದ ಬಿಯರ್ ಇಷ್ಟು ರುಚಿಯಾಗಿರಬಲ್ಲದು. ಆದರೆ ಅದರ ಬೆಲೆಯಲ್ಲಿ ಅವನಂಥವರಿಗೆ ಎಷ್ಟು ದಿನದ ನಶೆ ಸಿಗುತ್ತಿತ್ತು!

ಈಗ ಲೆಕ್ಕಕ್ಕೆ ಬರೋಣ. ಶೇಕಡ 42.8 ಮದ್ಯಸಾರವಿರುವ ವಿಸ್ಕಿಯ 180 ಮಿಲಿಲೀಟರಿನ ಕ್ವಾರ್ಟರಿನಲ್ಲಿ ಶುದ್ಧ ಮದ್ಯಸಾರ 77 ಮಿಲಿಲೀಟರು. ಶೇಕಡ 8ರ ಸ್ಟ್ರಾಂಗ್ ಬಿಯರಿನ 650 ಮಿಲಿಲೀಟರ್ ಬಾಟಲಿಯಲ್ಲಿ 52. ಅದೇ ಗಾತ್ರದ ಬಾಟಲಿಯಲ್ಲಿ ಶೇಕಡ 4ರ ಹಗುರ ಬಿಯರ್ ಇದ್ದರೆ 26. ದೇಹಕ್ಕೆ, ಸಂಸಾರಕ್ಕೆ, ರಸ್ತೆಯ ಮೇಲಿನ ಇತರರಿಗೆ ಹಾನಿಯಾಗುವುದು ಈ ಮದ್ಯಸಾರದಿಂದಲೇ ಹೊರತು ಉಳಿದ ನೀರಿನಿಂದಲ್ಲ. ಹಾಗಿರುವಾಗ ತೆರಿಗೆ ಯಾವುದರ ಮೇಲಿರಬೇಕು?

2025ರ ಜನವರಿಯಲ್ಲಿ ಕರ್ನಾಟಕವು ಬಿಯರ್ ತೆರಿಗೆಯನ್ನು ಪರಿಷ್ಕರಿಸಿದ ಉದಾಹರಣೆಯನ್ನೇ ನೋಡಿ. ಅಲ್ಲಿಯವರೆಗೆ ಎಲ್ಲ ಬಿಯರಿಗೂ ಲೀಟರಿಗೆ 10 ರೂಪಾಯಿ ಇದ್ದ ಮೂಲ ಅಬಕಾರಿ ಸುಂಕವನ್ನು ಶೇಕಡ 5ರವರೆಗಿನ ಬಿಯರಿಗೆ 12 ರೂಪಾಯಿ, ಅದನ್ನು ಮೀರಿದ್ದಕ್ಕೆ 20 ರೂಪಾಯಿ ಎಂದು ವಿಂಗಡಿಸಲಾಯಿತು. ಹಗುರವಾದದ್ದಕ್ಕೂ ಗಟ್ಟಿಯಾದದ್ದಕ್ಕೂ ಭೇದ ಮಾಡಿದ ಈ ಹೆಜ್ಜೆ ತತ್ತ್ವತಃ ಸರಿಯಾದದ್ದೇ, ಅದನ್ನು ಮೆಚ್ಚಬೇಕು. ಆದರೆ ಗುಣಿಸಿ ನೋಡಿದರೆ ನಗು ಬರುತ್ತದೆ. 650 ಮಿಲಿಲೀಟರಿನ ಬಾಟಲಿಗೆ ಹಗುರ ಬಿಯರ್ 7 ರೂಪಾಯಿ 80 ಪೈಸೆ ಕೊಟ್ಟರೆ ಸ್ಟ್ರಾಂಗ್ 13 ರೂಪಾಯಿ ಕೊಡುತ್ತದೆ. ಒಳಗಿರುವ ಮದ್ಯಸಾರದಿಂದ ಭಾಗಿಸಿದರೆ ಶೇಕಡ 4ರ ಬಿಯರಿನ ಪ್ರತಿ ಮಿಲಿಲೀಟರಿಗೆ 30 ಪೈಸೆ, ಶೇಕಡ 8ರದ್ದಕ್ಕೆ 25 ಪೈಸೆ. ಅಂದರೆ ನಶೆ ದುಪ್ಪಟ್ಟಾದರೂ ಅದರ ಮೇಲಿನ ಸುಂಕದ ದರ ಇಳಿಯಿತು.

ಇದು ಚಿಕ್ಕ ಸುಂಕ. ದೊಡ್ಡದು ಹೆಚ್ಚುವರಿ ಅಬಕಾರಿ ಸುಂಕ. ಅದನ್ನು ಅದೇ ಪರಿಷ್ಕರಣೆಯಲ್ಲಿ ಬಿಲ್ ಮಾಡಿದ ಬೆಲೆಯ ಶೇಕಡ 195 ಅಥವಾ ಲೀಟರಿಗೆ 130 ರೂಪಾಯಿ, ಈ ಎರಡರಲ್ಲಿ ಯಾವುದು ಹೆಚ್ಚೋ ಅದು ಎಂದು ನಿಗದಿಪಡಿಸಲಾಯಿತು. ಕನಿಷ್ಠ ದರವನ್ನೇ ಹಿಡಿದರೂ ಬಾಟಲಿಗೆ 84 ರೂಪಾಯಿ 50 ಪೈಸೆ. ಹಗುರವಾಗಿರಲಿ ಗಟ್ಟಿಯಾಗಿರಲಿ, ಒಂದೇ. ಶೇಕಡ 4ರ ಬಿಯರ್ ಕುಡಿಯುವವನು ಪ್ರತಿ ಮಿಲಿಲೀಟರ್ ಮದ್ಯಸಾರಕ್ಕೆ 3 ರೂಪಾಯಿ 25 ಪೈಸೆ ತೆತ್ತರೆ, ಶೇಕಡ 8ರದ್ದನ್ನು ಕುಡಿಯುವವನು ತೆರುವುದು ಅದರ ಅರ್ಧ. ಬೆಲೆಯ ಮೇಲಿನ ಶೇಕಡಾವಾರು ದರ ಅನ್ವಯವಾದರೆ ಇನ್ನೊಂದು ವಿಪರ್ಯಾಸ. ಅಮೆರಿಕದಿಂದ ಬಂದ ದುಬಾರಿ ಹಾಪ್ಸಿನ ಮೇಲೂ ತೆರಿಗೆ ಬೀಳುತ್ತದೆ. ಅಗ್ಗದ ಸಕ್ಕರೆ ಬೆರೆಸಿ ಮದ್ಯಸಾರ ಏರಿಸಿದವನು ಪಾರಾಗುತ್ತಾನೆ. ರುಚಿಗೆ ದಂಡ, ನಶೆಗೆ ರಿಯಾಯಿತಿ! ಸ್ಪಿರಿಟ್ಟುಗಳ ಕಥೆಯೂ ಭಿನ್ನವಲ್ಲ. ಅವುಗಳ ಸುಂಕವನ್ನು ಘೋಷಿತ ಬೆಲೆಯ ಸ್ಲ್ಯಾಬುಗಳ ಮೇಲೆ ನಿರ್ಧರಿಸುವ ಪದ್ಧತಿ ಬೆಳೆದುಬಂತು. 2024ರ ಆಗಸ್ಟಿನಲ್ಲಿ ಆ ಸ್ಲ್ಯಾಬುಗಳನ್ನು 18ರಿಂದ 16ಕ್ಕೆ ಇಳಿಸಲಾಯಿತು. ಕೆಳಗಿನ ಸ್ಲ್ಯಾಬಿಗೂ ಮೇಲಿನ ಸ್ಲ್ಯಾಬಿಗೂ ಬಾಟಲಿಯೊಳಗಿನ ಮದ್ಯಸಾರ ಒಂದೇ, ಸುಂಕ ಮಾತ್ರ ಬೇರೆ. ನಮ್ಮ ಚಾಲಕ ಮಾಡಿದ ಲೆಕ್ಕವನ್ನು ಸರ್ಕಾರವೇ ಮಾಡಿಕೊಟ್ಟಂತಾಯಿತು.

ದುಷ್ಪರಿಣಾಮಕ್ಕೆ ತೆರಿಗೆ ಹಾಕಬೇಕೆಂಬ ವಿಚಾರ ಹೊಸದಲ್ಲ. ಕೇಂಬ್ರಿಜ್‌ನ ಆರ್ಥರ್ ಪಿಗೂ 1920ರಲ್ಲಿಯೇ ಅದನ್ನು ಶಾಸ್ತ್ರೀಯವಾಗಿ ಮಂಡಿಸಿದ್ದ. ಅದಕ್ಕೂ ಮೊದಲು, 1880ರಲ್ಲಿ, ಗ್ಲ್ಯಾಡ್‌ಸ್ಟನ್ ಬ್ರಿಟನ್ನಿನಲ್ಲಿ ಮಾಲ್ಟಿನ ಮೇಲಿದ್ದ ತೆರಿಗೆಯನ್ನು ತೆಗೆದು, ಬಿಯರಾಗಲಿರುವ ರಸದ ಸಾಂದ್ರತೆಯನ್ನು ಅಳೆದು ಸುಂಕ ಹಾಕುವ ಪದ್ಧತಿ ತಂದಿದ್ದ. 2023ರ ಆಗಸ್ಟ್ 1ರಿಂದ ಅದೇ ದೇಶ ಎಲ್ಲ ಬಗೆಯ ಮದ್ಯಗಳನ್ನೂ ಅವುಗಳ ಶಕ್ತಿಗೆ ಅನುಗುಣವಾಗಿ ತೆರಿಗೆಗೊಳಪಡಿಸುವ ವ್ಯವಸ್ಥೆಗೆ ಬಂದು, ಶೇಕಡ 3.5ಕ್ಕಿಂತ ಕಡಿಮೆಯಿರುವ ಪಾನೀಯಗಳಿಗೆ ಪ್ರತ್ಯೇಕವಾದ ಇಳಿದ ದರ ಕೊಟ್ಟಿತು. ಕೂಡಲೇ ಕೆಲವು ಹೆಸರಾಂತ ಬಿಯರುಗಳ ಮದ್ಯಸಾರ 3.4ಕ್ಕೆ ಇಳಿಯಿತು. ಕಂಪನಿಗಳಿಗೆ ಜ್ಞಾನೋದಯವಾಗಿ ಹಾಗೆ ಮಾಡಿದ್ದಲ್ಲ. ಉಳಿತಾಯ ಕಂಡದ್ದರಿಂದ ಮಾಡಿದವು. ನನಗೆ ಬೇಕಾದದ್ದೂ ಅಷ್ಟೇ.

ನನ್ನ ವಾದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಅವುಗಳಲ್ಲಿ ಒಂದನ್ನು ನಾನು ಪೂರ್ತಿ ಒಪ್ಪುತ್ತೇನೆ: ಹಗುರ ಬಿಯರ್ ಕೂಡ ಆರೋಗ್ಯಪೇಯವಲ್ಲ. ಮದ್ಯ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿಯೇ ವರ್ಗೀಕರಿಸಿದೆ. ಸುರಕ್ಷಿತವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ನಮ್ಮ ನೆಹರು ನಗರದಲ್ಲಿಯೇ ದೊಡ್ಡ ಆಸ್ಪತ್ರೆಯಿದೆ. ಅದರ ಮುಂದಿನ ಔಷಧ ಅಂಗಡಿಗಳ ಸಾಲಿನಲ್ಲಿ ನಿಂತವರ ಮಾತು ಕೇಳಿಸಿಕೊಂಡರೆ ಲೇಖನ ಬೇಕಾಗಿಲ್ಲ. ಕುಡಿಯದವರು ಕುಡಿಯಲು ಕಲಿಯಲಿ ಎಂದು ನಾನು ಹೇಳುತ್ತಿಲ್ಲ. ಕುಡಿಯುವವನ ಮುಂದೆ ಎರಡು ಬಾಟಲಿಗಳಿದ್ದರೆ ಬೆಲೆಯ ಸೂಚನೆ ಯಾವ ಕಡೆಗಿರಬೇಕು ಎಂಬುದಷ್ಟೇ ನನ್ನ ತಕರಾರು. ಹಗುರವಾದದ್ದು ಅಗ್ಗವಾದರೆ ಹುಡುಗರು ಬೇಗ ಚಟಕ್ಕೆ ಬೀಳುತ್ತಾರೆ ಎಂಬ ಭಯವನ್ನೂ ತಳ್ಳಿಹಾಕಲಾರೆ. ಅದಕ್ಕಾಗಿಯೇ ನಾನು ಕೇಳುತ್ತಿರುವುದು ಹಗುರ ಬಿಯರಿನ ತೆರಿಗೆಯನ್ನು ತಳಕ್ಕಿಳಿಸುವುದನ್ನಲ್ಲ, ಗಟ್ಟಿಯಾದದ್ದರ ತೆರಿಗೆ ಅದರ ಗಟ್ಟಿತನಕ್ಕೆ ತಕ್ಕಂತೆ ಏರುವುದನ್ನು.

ಇನ್ನು ಬೊಕ್ಕಸದ ಪ್ರಶ್ನೆ. 2025–26ನೇ ಸಾಲಿಗೆ ರಾಜ್ಯವು ಅಬಕಾರಿಯಿಂದ ನಿರೀಕ್ಷಿಸಿದ್ದು 40,000 ಕೋಟಿ ರೂಪಾಯಿ. ಇಷ್ಟು ದೊಡ್ಡ ಮೊತ್ತವನ್ನು ಯಾವ ಹಣಕಾಸು ಕಾರ್ಯದರ್ಶಿಯೂ ಪ್ರಯೋಗಕ್ಕೊಡ್ಡಲು ಹಿಂಜರಿಯುತ್ತಾನೆ. ಅವನ ಕುರ್ಚಿಯಲ್ಲಿ ನಾನಿದ್ದರೂ ಹಿಂಜರಿಯುತ್ತಿದ್ದೆ. ಆದರೆ ಒಟ್ಟು ಸುಂಕ ಅಷ್ಟೇ ಬರುವಂತೆ ಇಟ್ಟುಕೊಂಡು ಅದನ್ನು ಮದ್ಯಸಾರದ ಮೇಲೆ ಮರುಹಂಚಿಕೆ ಮಾಡುವುದು ಲೆಕ್ಕಶಾಖೆಯ ಗುಮಾಸ್ತರಿಗೆ ಅಸಾಧ್ಯವಾದ ಗಣಿತವೇನಲ್ಲ. ಕಷ್ಟ ಇರುವುದು ಬೇರೆಡೆ. ಮದ್ಯಸಾರವನ್ನೇ ಅಳತೆಗೋಲಾಗಿಸಿದರೆ ಬಡವನ ಕ್ವಾರ್ಟರ್ ತುಟ್ಟಿಯಾಗುತ್ತದೆ, ಶ್ರೀಮಂತನ ಸ್ಕಾಚ್ ತುಸು ಅಗ್ಗವಾಗಬಹುದು. ಇದು ರಾಜಕೀಯವಾಗಿ ಮುಜುಗರದ ಮಾತು. ಅದಕ್ಕೆ ದುಬಾರಿ ಮದ್ಯದ ಮೇಲೆ ಬೆಲೆಯಾಧಾರಿತ ಸುಂಕವನ್ನು ಹೆಚ್ಚುವರಿಯಾಗಿ ಉಳಿಸಿಕೊಳ್ಳಬಹುದು. ಆದರೆ ಬಡವನ ಕ್ವಾರ್ಟರ್ ಅಗ್ಗವಾಗಿರುವುದನ್ನು ಬಡವನ ಮೇಲಿನ ಕರುಣೆ ಎನ್ನಲು ನನಗೆ ಮನಸ್ಸು ಬಾರದು. ಆ ಕರುಣೆಯ ಫಲವನ್ನು ನಾನು ಖಾನಾಪುರದ ಒಂದು ಮನೆಯಲ್ಲಿ ನೋಡಿದ್ದೇನೆ.

ಗಡಿಯ ಆಕ್ಷೇಪವೂ ಉಂಟು. ಬೆಳಗಾವಿಯವರಿಗೆ ಗೋವಾ ದೂರವಲ್ಲ. ಜಾಂಬೋಟಿ, ಕಣಕುಂಬಿ ದಾಟಿ ಚೋರ್ಲಾ ಘಾಟಿ ಇಳಿದರೆ ಆಯಿತು. ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗ, 1949ರ ಪಾನನಿರೋಧ ಕಾಯ್ದೆಯ ಕಾಲದಲ್ಲಿ, ಪೋರ್ಚುಗೀಸರ ಗೋವೆಯಿಂದ ಬಾಟಲಿಗಳು ಕಾಡುದಾರಿಯಲ್ಲಿ ತಲೆಹೊರೆಯಾಗಿ ಬರುತ್ತಿದ್ದ ಕಥೆಗಳನ್ನು ತಂದೆಯವರು ಹೇಳುತ್ತಿದ್ದರು. ಈಗ ಕಾರಿನ ಡಿಕ್ಕಿಯಲ್ಲಿ ಬರುತ್ತವೆ, ಕಣಕುಂಬಿಯ ತನಿಖಾ ಠಾಣೆಯಲ್ಲಿ ಆಗಾಗ ಸಿಕ್ಕಿಬೀಳುತ್ತವೆ. ಇಲ್ಲಿ ದರ ಏರಿಸಿದಷ್ಟೂ ಕಳ್ಳಸಾಗಣೆ ಹೆಚ್ಚುತ್ತದೆಂಬುದು ನಿಜ. ಆದರೆ ಕಳ್ಳಸಾಗಣೆಗೂ ಒಂದು ಲೆಕ್ಕವಿದೆ: ಡಿಕ್ಕಿಯಲ್ಲಿರುವ ಜಾಗದಲ್ಲಿ ಹೆಚ್ಚು ಲಾಭ ತರುವುದು ಸ್ಪಿರಿಟ್ಟೇ ಹೊರತು ಹಗುರ ಬಿಯರಲ್ಲ. ಅದನ್ನು ಅಲ್ಲಿಂದ ಹೊತ್ತು ತರುವ ಮೂರ್ಖ ಯಾರೂ ಇಲ್ಲ. ಆದ್ದರಿಂದ ಕನಿಷ್ಠ ಬಿಯರಿನೊಳಗಣ ತಾರತಮ್ಯವನ್ನಾದರೂ ಗಡಿಯ ಭಯವಿಲ್ಲದೆ ಸರಿಪಡಿಸಬಹುದು. ಮುಂದೆ ಯಾವ ಪರಿಷ್ಕರಣೆ ಬಂದರೂ, ಅದಕ್ಕೆ ಯಾವ ಹೆಸರಿಟ್ಟರೂ, ಓದುಗರು ಒಂದು ಕೆಲಸ ಮಾಡಲಿ: ಬಾಟಲಿಯ ಮೇಲಿನ ಸುಂಕವನ್ನು ಒಳಗಿನ ಮದ್ಯಸಾರದಿಂದ ಭಾಗಿಸಿ ನೋಡಲಿ. ಉತ್ತರ ಎಲ್ಲ ಬಾಟಲಿಗಳಿಗೂ ಒಂದೇ ಬಂದರೆ, ಅಥವಾ ಗಟ್ಟಿಯಾದದ್ದಕ್ಕೆ ಹೆಚ್ಚು ಬಂದರೆ, ಸುಧಾರಣೆ ನಿಜವಾದದ್ದು.

ಊರಿಗೆ ಮರಳಿದ ಮೇಲೆ ಒಂದು ಸಂಜೆ, ಪರಿಚಯದವರು ಯಾರೂ ಕಾಣದಂತೆ ಎಚ್ಚರ ವಹಿಸಿ, ಕ್ಯಾಂಪಿನ ಕಡೆಯ ಒಂದು ಅಂಗಡಿಗೆ ಹೋದೆ. ಶೇಕಡ 4ರ ಒಳಗಿನ ಬಿಯರ್ ಇದೆಯೇ ಎಂದು ಕೇಳಿದೆ. ಅಂಗಡಿಯವನು ನನ್ನ ಬಿಳಿಗೂದಲನ್ನು ನೋಡಿ ಮರ್ಯಾದೆಯಿಂದಲೇ, ‘ಅದನ್ನ ಯಾರು ಕೇಳತಾರ್ರಿ ಕಾಕಾ, ಇಟ್ರ ಡೇಟ್ ಮುಗದು ಹೋಗತೈತಿ’ ಎಂದ. ಆಮೇಲೆ ಶೈತ್ಯಪೆಟ್ಟಿಗೆಯ ಬಾಗಿಲು ತೆರೆದು ತೋರಿಸಿದ. ಮೇಲಿನಿಂದ ಕೆಳಗಿನವರೆಗೂ ಬಾಟಲಿಗಳ ಮೇಲೆ ಒಂದೇ ಪದವಿತ್ತು: ಸ್ಟ್ರಾಂಗ್. ಅಷ್ಟರಲ್ಲಿ ನನ್ನ ಬದಿಯಿಂದ ಒಬ್ಬ ತರುಣ, ಕೈಯಲ್ಲಿ ಟೆಂಪೊದ ಕೀಲಿ ಇತ್ತು, ಹಣ ಚಾಚಿ ಬ್ರ್ಯಾಂಡಿನ ಹೆಸರನ್ನೂ ಹೇಳದೆ ‘ಒಂದ ಕ್ವಾರ್ಟರ್ ಕೊಡ್ರಿ, ಇಷ್ಟರಾಗ ಯಾವುದ ಬರತೈತಿ ಅದ’ ಎಂದ.